ಅಯಸ್ಕಾಂತದ ಕಲ್ಲು ಹುಡುಕಿದ ಮಳೆಗಾಲ

ರಾಯದುರ್ಗದಲ್ಲಿ ನನ್ನ ಸೋದರಮಾವನ ಜೀನ್ಸ್ ಹೊಲಿಯುವ ಶೆಡ್ಡಿಗೆ ಹೊಸ ಬಟ್ಟೆಯ ಥಾನು ಬಂದ ದಿನ ಒಳಗೆ ಹೋಗಬಾರದು. ಸುತ್ತಿದ ಪ್ಲಾಸ್ಟಿಕ್ ಹರಿದ ಕೂಡಲೇ ಒಂದು ವಾಸನೆ ಎದ್ದು ಕಣ್ಣು ಉರಿಯುತ್ತದೆ. ಸುಕ್ಕಾಗದಿರಲೆಂದು ಬಟ್ಟೆಗೆ ಹಾಕುವ ಮದ್ದಿನಿಂದ ಏಳುವ ಫಾರ್ಮಾಲಿನ್ ಆವಿ ಅದು ಎಂದು ನಾನು ಒಮ್ಮೆ ವಿವರಿಸಲು ಹೋಗಿದ್ದೆ. "ಏನರ ಇರ್ಲಿ ಬಿಡೋ, ಹೊಸಾ ಬಟ್ಟಿ ಅಂದ್ರ ಹಂಗ ನಾರತೈತಿ," ಎಂದು ಮಾವ ನನ್ನ ಎಂಎಸ್ಸಿಯನ್ನು ಅಷ್ಟಕ್ಕೇ ಮುಗಿಸಿದ್ದರು.

ಕಳೆದ ತಿಂಗಳು ಅಂಥದೇ ಒಂದು ದಿನ ಶೆಡ್ಡಿನ ಬಾಗಿಲಲ್ಲಿ ನಿಂತುಬಿಟ್ಟೆ. ಆ ವಾಸನೆ ನನ್ನನ್ನು ಮಡಕಶಿರಾ ಸೀಮೆಯ ಗುಡಿಬಂಡೆಯ ಹತ್ತಿರದ ಒಂದು ಹಳ್ಳಿಯ ಹುಳುಮನೆಗೆ ಎಳೆದುಕೊಂಡು ಹೋಯಿತು. ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆ ಅದು. ಒಂದು ಬೆಳೆ ಮುಗಿದು ಇನ್ನೊಂದು ಇಡುವ ಮೊದಲು ಗೋಡೆ, ನೆಲ, ತಟ್ಟೆಗಳನ್ನೆಲ್ಲ ಫಾರ್ಮಾಲಿನ್‌ನಲ್ಲಿ ತೊಳೆಯುತ್ತಾರೆ. ಹುಳು ಸಾಕುವುದು ನಿಂತು ಎಷ್ಟೋ ಕಾಲವಾಗಿದ್ದರೂ ಆ ಗೋಡೆಗಳು ಅದನ್ನು ಬಿಟ್ಟಿರಲಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲವನ್ನು ನಾನು ಆ ಕೋಣೆಯಲ್ಲಿ ಸೀನುತ್ತಾ ಕಳೆದೆ.

ಆ ಕಾಲದ ಬಗ್ಗೆ ನಾನು ರಾಯದುರ್ಗದಲ್ಲಿ ಬಹಳ ಜನಕ್ಕೆ ಕಥೆ ಹೇಳಿದ್ದೇನೆ. ಹೇಳಿದಷ್ಟೂ ಸಲ ಅದರಲ್ಲಿ ಮಳೆ ಜೋರಾಗುತ್ತಾ ಬಂದಿದೆ, ನಾನು ಒಳ್ಳೆಯವನಾಗುತ್ತಾ ಬಂದಿದ್ದೇನೆ. ಇದು ನನ್ನ ಗಮನಕ್ಕೆ ಬಾರದೆ ಇಲ್ಲ. ಹೇಳುವವನಿಗೇ ಅನುಕೂಲವಾಗುವಂತೆ ಬದಲಾಗುವ ಸಾಕ್ಷಿಯನ್ನು ಯಾರೂ ನಂಬಬಾರದು. ಮರುದಿನವೇ ಗುಡಿಬಂಡೆಗೆ ಹೊರಟೆ.

"ಯಾಕ ಹೊಂಟಿ ಮತ್ತ ಅಲ್ಲಿಗೆ?" ಎಂದರು ಮಾವ. "ಒಂದ್ಸಲ ಓಡಿಸಿ ಕಳಿಸಿದ್ದು ಸಾಲ್ಲಿಲ್ಲೇನು?"

ಆ ವರ್ಷ ನಾನು ಭೂವಿಜ್ಞಾನದ ಪದವಿ ಹಿಡಿದು ಕೆಲಸಕ್ಕೆ ಅಲೆಯುತ್ತಿದ್ದೆ. ಖನಿಜ ಹುಡುಕುವ ಒಂದು ಖಾಸಗಿ ಕಂಪನಿ ಗುತ್ತಿಗೆಯ ಮೇಲೆ ಸೇರಿಸಿಕೊಂಡಿತು. ಹುಡುಕಬೇಕಾದದ್ದು ವಿರಳ ಭೂಧಾತುಗಳನ್ನು. ಹೆಸರೇ ಒಂದು ಸುಳ್ಳು. ಅವು ವಿರಳವೇನಲ್ಲ, ಎಲ್ಲ ಕಲ್ಲಿನಲ್ಲೂ ಚೂರುಚೂರು ಇರುತ್ತವೆ. ತೆಗೆದರೆ ಗಿಟ್ಟುವಷ್ಟು ಒಂದೇ ಕಡೆ ಸಿಗುವುದು ಮಾತ್ರ ಕಷ್ಟ. ಅವುಗಳಲ್ಲಿ ನಿಯೋಡಿಮಿಯಂ ಎಂಬುದಕ್ಕೆ ಈಗ ಎಲ್ಲಿಲ್ಲದ ಬೆಲೆ. ಕಬ್ಬಿಣ ಮತ್ತು ಬೋರಾನ್ ಜೊತೆ ಸೇರಿಸಿದರೆ ಉಗುರಿನಷ್ಟು ಚೂರು ಸುತ್ತಿಗೆಯನ್ನು ಎತ್ತಿ ಹಿಡಿಯುವ ಅಯಸ್ಕಾಂತವಾಗುತ್ತದೆ. ಫೋನಿನ ಸ್ಪೀಕರ್, ಬ್ಯಾಟರಿ ಗಾಡಿಯ ಚಕ್ರ, ಗಾಳಿಯಂತ್ರ, ಕ್ಷಿಪಣಿ, ಎಲ್ಲದರೊಳಗೂ ಅದಿದೆ. ಒಂದೆರಡು ದೇಶಗಳ ಕೈಯಲ್ಲೇ ಅದು ಉಳಿದಿದೆಯೆಂದು ಉಳಿದವರಿಗೆಲ್ಲ ನಿದ್ದೆಯಿಲ್ಲ. ಹಾಗಾಗಿ ಅದಕ್ಕೆ 'ನಿರ್ಣಾಯಕ ಖನಿಜ' ಎಂಬ ಪಟ್ಟ. ಯಾರ ನಿರ್ಣಯ ಎಂದು ಕೇಳುವ ಹಾಗಿಲ್ಲ.

ಮೊದಲು ನಮ್ಮ ರಾಯದುರ್ಗ, ಬೆಳುಗುಪ್ಪ ಕಡೆ ತಿರುಗಿದೆವು. ಗಾಳಿಯಂತ್ರಗಳ ಕೆಳಗೆ ಕಲ್ಲು ಒಡೆಯುತ್ತಾ ಹೋದರೆ ಜನ ಕರೆದು ಚಹಾ ಕೊಟ್ಟು ನಗುತ್ತಿದ್ದರು. "ಬರ್ರಿ, ಕುಂದರ್ರಿ. ಬಂಗಾರ ಸಿಕ್ರ ನಮಗೊಂದು ಮಾತು ಹೇಳ್ರಿ." ಅಲ್ಲಿ ಏನೂ ಸಿಗಲಿಲ್ಲ. ಮಡಕಶಿರಾ ಕಡೆಯ ಕೆಂಪು ಕಲ್ಲಿನ ಗುಡ್ಡಗಳಲ್ಲಿ ಏನೋ ಇದೆ ಎಂದು ನಮ್ಮ ಮೇಲಿನವರಾದ ಪ್ರಸಾದ್ ಸಾರ್‌ಗೆ ಅನ್ನಿಸಿ ನಾವು ಗುಡಿಬಂಡೆಗೆ ಬಂದೆವು. ಅಲ್ಲಿ ಯಾರೂ ನಗಲಿಲ್ಲ.

ಹಳ್ಳಿಗೆ ಬಂದ ದಿನದಿಂದಲೇ ಹೋಟೆಲಿನವನು ನಮಗೆ ಚಹಾ ಕೊಡಲಿಲ್ಲ. ನಮ್ಮೆದುರೇ ಬೇರೆಯವರಿಗೆ ಲೋಟ ತುಂಬಿಸುತ್ತಾ "ಹಾಲು ಒಡೆದೋಗೈತೆ ಸಾ" ಅನ್ನುತ್ತಿದ್ದ. ಕಲ್ಲಿಗೆ ಹಿಡಿದರೆ ಅದರಲ್ಲಿರುವ ಧಾತುಗಳನ್ನು ತೋರಿಸುವ ಒಂದು ಯಂತ್ರ ನನ್ನ ಕೈಯಲ್ಲಿರುತ್ತಿತ್ತು. ನೋಡಲು ಥೇಟ್ ಪಿಸ್ತೂಲು. "ಬಂದ ಕಣ್ರೋ ಕಲ್ಲು ಬೇಟೆಗಾರ, ಬಗ್ಗಿಕೊಳ್ಳಿ" ಎಂದು ಕಟ್ಟೆಯ ಮೇಲಿದ್ದವರು ಕೂಗುತ್ತಿದ್ದರು. ನನ್ನ ಮಾತಿನ 'ರಿ'ಯನ್ನೂ ಅವರು ಬಿಡಲಿಲ್ಲ. "ಏನ್ರೀ ಬಳ್ಳಾರಿ ಸಾಹೇಬ್ರೇ, ಊಟ ಆಯ್ತೇನ್ರೀ, ಗುಡ್ಡ ತಿಂದ್ರೇನ್ರೀ?" ಜೀಪಿನ ಗಾಳಿ ಎಷ್ಟು ಸಲ ಹೋಯಿತೋ ಲೆಕ್ಕವಿಲ್ಲ. ನನಗೂ ಅವರ ಮೇಲೆ ಪ್ರೀತಿ ಹುಟ್ಟಲಿಲ್ಲ. ಕೇಳಿಸಿಕೊಳ್ಳದೆಯೇ ವಿರೋಧಿಸುವ ಜನ ಎಂದು ಬೈದುಕೊಳ್ಳುತ್ತಿದ್ದೆ. ಕೇಳಿಸಿಕೊಂಡಿದ್ದರೆ ಇನ್ನೂ ಹೆಚ್ಚು ವಿರೋಧಿಸುತ್ತಿದ್ದರು ಎಂಬುದೂ ಗೊತ್ತಿತ್ತು. ಈ ಧಾತುಗಳನ್ನು ಬಿಡಿಸಬೇಕೆಂದರೆ ಗುಡ್ಡವನ್ನು ಹಿಟ್ಟು ಮಾಡಿ ಆಮ್ಲದಲ್ಲಿ ಬೇಯಿಸಬೇಕು. ಉಳಿಯುವ ರಾಡಿಯಲ್ಲಿ ವಿಕಿರಣ ಸೂಸುವ ಥೋರಿಯಂ ಇರುತ್ತದೆ. ಅದನ್ನು ಎಲ್ಲಿಡುತ್ತಾರೆ ಎಂಬುದು ಪ್ರಸಾದ್ ಸಾರ್ ಅವರ ಭಾಷಣದಲ್ಲಿ ಬರುತ್ತಿರಲಿಲ್ಲ.

ಭಾಷಣವನ್ನು ಅವರು ಊರ ನಡುವೆ ಫೋನ್ ಎತ್ತಿ ಹಿಡಿದು ತೆಲುಗು ಬೆರೆತ ಕನ್ನಡದಲ್ಲಿ ಮಾಡಿದರು. "ಚೂಡಂಡಿ, ಈ ಫೋನು ಗುರ್ ಅಂತ ನಡುಗ್ತದಲ್ಲಾ, ಒಳಗಡೆ ಸಣ್ಣ ಮ್ಯಾಗ್ನೆಟ್ ಇದೆ. ಆ ಮ್ಯಾಗ್ನೆಟ್ ಕಲ್ಲು ನಿಮ್ಮ ಊರಲ್ಲಿದೆ. ದೇಶಕ್ಕೆ ಬೇಕು."

ಊರಿನ ವಿರೋಧಕ್ಕೆಲ್ಲ ಮುಂದಾಳಾಗಿದ್ದ ಹನುಮಂತರಾಯಪ್ಪ ಬೀಡಿ ಆರಿಸಿ ಎದ್ದ. "ದೇಶಕ್ಕೆ ಬೇಕು ಅಂತ ಯಾವನ್ ಬಂದ್ರೂ ನಮ್ ಗುಡ್ಡದ ಮೇಲೇ ಯಾಕೆ ಕಣ್ಣಾಕ್ತಾನೆ ಸಾ? ನೀವಿರೋ ಊರಾಗೆ ಗುಡ್ಡ ಇಲ್ವಾ?"

"ನಾವಿರೋದು ಅನಂತಪುರ ಟೌನು."

"ಟೌನ್ ಅಗೀರಿ. ಫೋನು ಅಲ್ಲೇ ಜಾಸ್ತಿ ಐತೆ."

ಕೊರೆಯುವುದಕ್ಕೆ ಯಾರೂ ಹೊಲ ಕೊಡಲಿಲ್ಲ. ಕೊಟ್ಟವಳು ಒಬ್ಬಳೇ: ಹುಳುಮನೆಯನ್ನು ನಮಗೆ ಬಾಡಿಗೆಗೆ ಬಿಟ್ಟಿದ್ದ ಜಯಕ್ಕ. ಗಂಡ ಗುಡಿಬಂಡೆಗೂ ಮಡಕಶಿರಾಕ್ಕೂ ಆಟೋ ಓಡಿಸುತ್ತಿದ್ದ. ಹುಳು ಸಾಕುತ್ತಿದ್ದದ್ದು, ಸಂಸಾರ ನಡೆಸುತ್ತಿದ್ದದ್ದು ಇವಳು. ಬೋರ್ ಬತ್ತಿ ಹಿಪ್ಪುನೇರಳೆ ತೋಟ ಕಡ್ಡಿಯಾಗಿತ್ತು. ಸೊಪ್ಪಿಲ್ಲದೆ ಹುಳುವಿಲ್ಲ. ಹೊಸ ಬೋರ್ ಕೊರೆಸುವ ಮಾತು ಬಂದಾಗಲೆಲ್ಲ ಅವಳ ಅತ್ತೆ ಈರಕ್ಕ, "ಆ ಗುಂಡಿಗೆ ದುಡ್ಡು ಹಾಕೋ ಬದ್ಲು ನನ್ನೇ ಹಾಕು" ಎಂದು ಗೋಡೆ ಕಡೆ ಮುಖ ತಿರುಗಿಸುತ್ತಿದ್ದಳು. ಬೇರು ಸತ್ತಿಲ್ಲ, ಈ ವರ್ಷದೊಳಗೆ ನೀರು ಕೊಟ್ಟರೆ ಚಿಗುರುತ್ತದೆ, ತಪ್ಪಿದರೆ ಕಿತ್ತು ಒಲೆಗೆ ಹಾಕಬೇಕು ಎಂದು ಜಯಕ್ಕ ನನಗೆ ಹೇಳಿದ್ದಳು.

ಅವಳು ಹೊಲ ಕೊಡಲು ಒಪ್ಪಿದ್ದು ನನ್ನ ವಿವರಣೆ ಕೇಳಿ ಎಂದು ನಾನು ತಿಳಿದಿದ್ದೆ. ಹಾಳಾದ ಇಯರ್‌ಫೋನ್ ಬಿಚ್ಚಿ ಅದರ ಅಯಸ್ಕಾಂತಕ್ಕೆ ಗುಂಡುಪಿನ್ನು ಅಂಟಿಸಿ ತೋರಿಸಿದ್ದೆ. ಅವಳು ಅದನ್ನು ನೋಡಿದಳೋ ಇಲ್ಲವೋ. ಕೇಳಿದ್ದು ಇಷ್ಟೇ: "ನಿಮ್ ಮಿಷನ್ನು ಎಷ್ಟು ಆಳ ಹೋಗ್ತದೆ?"

"ಬೋರ್‌ವೆಲ್ ಗಾಡಿ ಹೋದಷ್ಟೇ ಹೋಗ್ತೈತ್ರಿ ಅಕ್ಕಾರ. ಗಾಡೀನೂ ಅಂಥದ್ದ."

"ಬರೀ ಒಣ ಕಲ್ಲೇ ಬಂದ್ರೆ ನಡುವೆ ನಿಲ್ಸಿಬಿಡ್ತೀರಾ?"

"ನಿಲ್ಸಂಗಿಲ್ರಿ. ನಮಗ ಕಲ್ಲ ಬೇಕಲ್ರಿ."

ಅವಳು ನಕ್ಕಳು. ವಿಜ್ಞಾನದ ಕುತೂಹಲ ಎಂದುಕೊಂಡೆ. ಅವಳ ತಲೆಯಲ್ಲಿದ್ದದ್ದು ಬಹಳ ಸರಳ: ಇವರು ಏನನ್ನಾದರೂ ಹುಡುಕಿಕೊಳ್ಳಲಿ, ತೂತು ಆಳಕ್ಕೆ ಹೋಗುತ್ತದೆ, ಅದೃಷ್ಟವಿದ್ದರೆ ನೀರು ಬರುತ್ತದೆ, ಬಂದರೆ ತನ್ನದು. ಆ ಲೆಕ್ಕಕ್ಕಾಗಿ ಅವಳು ಇಡೀ ಊರನ್ನು ಎದುರು ಹಾಕಿಕೊಂಡಳು. ಹನುಮಂತರಾಯಪ್ಪನ ಹೆಂಡತಿ ದಾರಿಯಲ್ಲಿ ಸಿಕ್ಕರೆ ಸೆರಗು ಕೊಡವಿ "ಊರ್ ಮಾರೋಳು" ಎಂದು ನೆಲಕ್ಕೆ ಉಗುಳಿ ಹೋಗುತ್ತಿದ್ದಳು. ಜಯಕ್ಕ ತಿರುಗಿ ನೋಡುತ್ತಿರಲಿಲ್ಲ. ಪ್ರಸಾದ್ ಸಾರ್ ಹೊಲಕ್ಕೆ ಕೊಡುವ ಹಣದ ಮಾತಾಡುವಾಗ, ಕೆಲಸವಾದ ಮೇಲೆ ತೂತನ್ನು ಸಿಮೆಂಟ್ ಹಾಕಿ ಮುಚ್ಚುತ್ತೇವೆ, ನಿನ್ನ ಹೊಲ ಮೊದಲಿದ್ದಂತೆಯೇ ಇರುತ್ತದೆ ಎಂದರು. "ಆಯ್ತೇಳಿ" ಎಂದಳು. ಅವಳು ಅದನ್ನು ಬರಿ ಉಪಚಾರದ ಮಾತು ಎಂದು ತಿಳಿದಿರಬೇಕು. ಆಳವಾದ ಒಂದು ತೂತು ಕೊರೆದು, ನೀರು ಸಿಕ್ಕಿದರೂ ಅದನ್ನು ಮುಚ್ಚಿ ಹೋಗುವ ಜನ ಭೂಮಿಯ ಮೇಲೆ ಇದ್ದಾರೆಂದು ಆ ಸೀಮೆಯಲ್ಲಿ ಯಾರಿಗೂ ಹೊಳೆಯಲಾರದು.

ಗಾಡಿ ತಮಿಳುನಾಡಿನ ತಿರುಚೆಂಗೋಡಿನದು. ಕೊರೆಯುವ ಮೇಸ್ತ್ರಿ ಮುರುಗೇಶ ಎಷ್ಟೋ ವರ್ಷ ಈ ಕಡೆ ನೀರಿನ ಬೋರುಗಳನ್ನೇ ಕೊರೆದವನು. ಕಲ್ಲಿನ ಕೆಲಸ ಅವನಿಗೆ ಹೊಸದು, ಇಷ್ಟವಿರಲಿಲ್ಲ. ಗಾಡಿಯ ಕೊರೆಯುವ ಸುತ್ತಿಗೆ ಬಡಿಯುತ್ತಿದ್ದಂತೆ ಬಿಳಿ ಪುಡಿ ಎದ್ದು ಸುತ್ತಲ ಶೇಂಗಾ ಗಿಡಗಳ ಮೇಲೆ ಕೂರುತ್ತಿತ್ತು. ಪಕ್ಕದ ಹೊಲದವರು ಬದುವಿನ ಮೇಲೆ ನಿಂತು ನಮ್ಮ ವಂಶವನ್ನೆಲ್ಲ ನೆನೆಯುತ್ತಿದ್ದರು. ದಿನವೂ ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯುತ್ತಿತ್ತು, ಸೆಕೆ ಏರುತ್ತಿತ್ತು, ಮೋಡ ಹಿಂದೂಪುರದ ಕಡೆ ಜಾರಿಹೋಗುತ್ತಿತ್ತು. ನಾನು ಪುಡಿಯನ್ನು ಚೀಲಗಳಿಗೆ ತುಂಬಿ, ಪಿಸ್ತೂಲು ಹಿಡಿದು, ಬಂದ ಸಂಖ್ಯೆಗಳನ್ನು ಪ್ರಸಾದ್ ಸಾರ್‌ಗೆ ಕೂಗಿ ಹೇಳುತ್ತಿದ್ದೆ. ಅವರ ಮುಖ ಸ್ವಲ್ಪ ಅರಳತೊಡಗಿತ್ತು. ಜಯಕ್ಕ ಬೇವಿನ ಮರದಡಿ ಕೂತು ಸಂಖ್ಯೆ ಕೇಳದೆ ಪುಡಿಯ ಬಣ್ಣವನ್ನಷ್ಟೇ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಪುಡಿ ನಿಂತು ಬೂದು ಕೆಸರು ಬಂತು. ನನ್ನ ಚೀಲ ಒದ್ದೆಯಾಯಿತು. ಮುರುಗೇಶ ಕಿವಿಯ ಬಟ್ಟೆ ಕಿತ್ತು ಎಸೆದು "ತಣ್ಣಿ! ತಣ್ಣಿ ಸಾರ್!" ಎಂದು ಕುಣಿಯತೊಡಗಿದ. ಕಲ್ಲಿನ ಕೆಲಸಕ್ಕೆ ಬಂದವನೆಂಬುದೇ ಅವನಿಗೆ ಮರೆತುಹೋಗಿತ್ತು. ಅಭ್ಯಾಸದಂತೆ ಕಂಪ್ರೆಸರಿನ ಗಾಳಿಯನ್ನು ಪೂರ್ತಿ ಬಿಟ್ಟ. ನೀರು ಗಾಡಿಯ ಕಂಬವನ್ನೂ ಮೀರಿ ಎದ್ದಿತು.

"ಆಫ್ ಮಾಡೋ! ಫೇಲ್, ಫೇಲ್!" ಎಂದು ಪ್ರಸಾದ್ ಸಾರ್ ತಲೆ ಚಚ್ಚಿಕೊಂಡರು. ಅವರ ಸಂಕಟ ಸುಳ್ಳಲ್ಲ. ನೀರು ಬಂದರೆ ಮೇಲಿನ ಪುಡಿ ಕೆಳಗಿನ ಪುಡಿ ಕಲಸಿಹೋಗುತ್ತದೆ, ಯಾವ ಸಂಖ್ಯೆಯನ್ನೂ ನಂಬುವ ಹಾಗಿಲ್ಲ. ಕಂಪನಿಯ ಪಾಲಿಗೆ ಅದು ಕೆಟ್ಟ ತೂತು. ಸಿಮೆಂಟ್ ತರಲು ಜೀಪಿನತ್ತ ಕೈ ಮಾಡಿದರು.

ಅಷ್ಟರಲ್ಲಿ ಹೆಂಗಸರು ಬರತೊಡಗಿದ್ದರು. ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ, ತೆಂಗಿನಕಾಯಿ. ನೀರು ಬಿದ್ದ ಬೋರಿಗೆ ಗಂಗಮ್ಮನ ಪೂಜೆ ಮಾಡದೆ ಯಾರೂ ಮುಂದಿನ ಮಾತು ಆಡುವುದಿಲ್ಲ. ಅದು ಯಾರ ಹೊಲ, ಯಾರ ಜಗಳ ಎಂಬುದು ಆಮೇಲೆ. ಎಲ್ಲರಿಗಿಂತ ಮುಂದೆ ತಟ್ಟೆ ಹಿಡಿದು ಬಂದವಳು ಉಗುಳಿ ಹೋಗುತ್ತಿದ್ದ ಹನುಮಂತರಾಯಪ್ಪನ ಹೆಂಡತಿ. ಜಯಕ್ಕನ ಹಣೆಗೆ ಕುಂಕುಮ ಇಟ್ಟು, "ನೀನು ಕಳ್ಳಿ ಕಣೇ" ಎಂದಳು. ಜಯಕ್ಕ ಬಗ್ಗಿ ಅವಳ ಕಾಲು ಮುಟ್ಟಿದಳು.

ಪೂಜೆ ಮುಗಿಯುವವರೆಗೆ ಪ್ರಸಾದ್ ಸಾರ್ ಕಾದರು. ಆಮೇಲೆ, "ಸರಿ ತಾಯಿ, ಈಗ ಮುಚ್ಚಬೇಕು," ಎಂದರು.

"ಏನ್ ಮುಚ್ಚೋದು?"

"ಇದನ್ನೇ. ನೀನು ಒಪ್ಪಿದ್ದೆ ಕದಮ್ಮಾ!"

"ಕಲ್ಲಿನ ತೂತು ಮುಚ್ಚಾಕೆ ಒಪ್ಪಿದ್ದೆ ಸಾ. ನೀರಿರೋ ಬೋರು ಮುಚ್ಚಾಕೆ ಯಾವ ಮುಂಡೇದು ಒಪ್ಪತದೆ?"

ಅವರು ಮುರುಗೇಶನ ಕಡೆ ತಿರುಗಿದರು. ಅವನು ಹಣೆಯ ಮೇಲಿನ ಕುಂಕುಮ ಮುಟ್ಟಿ ತೋರಿಸಿದ. "ಪೂಜೆ ಆಯ್ತು ಸಾರ್. ಇನ್ನು ನಮ್ ಕೈ ಹಾಕಲ್ಲ. ನಾಳೆ ಬೇರೆ ಊರಲ್ಲಿ ನಾನು ಕೊರೆದ್ರೆ ನೀರ್ ಬರ್ಬೇಕಲ್ಲಾ?"

"ನೀನು ಓದಿದವನು," ಎಂದು ನನ್ನನ್ನು ನೋಡಿದರು. "ನಿನಗೆ ಈ ನಂಬಿಕೆಗಳೆಲ್ಲ ಇಲ್ಲವಲ್ಲ."

ಇಲ್ಲ. ನಿಜವಾಗಿಯೂ ಇಲ್ಲ. ಆದರೆ ನಾನು ಕೈ ಹಾಕುವ ಮೊದಲೇ ಜಯಕ್ಕ ಸೀರೆ ಎತ್ತಿ ಕಟ್ಟಿ ಬೋರಿನ ಬಾಯಿಯ ಪೈಪಿನ ಮೇಲೆ ಕೂತುಬಿಟ್ಟಳು. ಕೆಸರು ಅವಳ ಸುತ್ತ ಹರಿಯುತ್ತಿತ್ತು. ಪ್ರಸಾದ್ ಸಾರ್ ಪೊಲೀಸರನ್ನು ಕರೆಸುತ್ತೇನೆಂದರು, "ಕರೆಸಿ, ಅವರಿಗೂ ಕುಂಕುಮ ಕೊಡಣ" ಎಂದಳು. ಈರಕ್ಕ ಮುದ್ದೆ ಸಾರು ತಂದು ಸೊಸೆಗೆ ಕೂತಲ್ಲೇ ತಿನ್ನಿಸಿದಳು. ಹೊಸ ಬೋರಿನ ಮಾತೆತ್ತಿದರೆ ಗೋಡೆ ನೋಡುತ್ತಿದ್ದ ಮುದುಕಿ ಅವಳೇ. ಹನುಮಂತರಾಯಪ್ಪ ಜೀಪಿಗೂ ಬೋರಿಗೂ ನಡುವೆ ಬಂದು ಬೀಡಿ ಹಚ್ಚಿಕೊಂಡು ನಿಂತ.

ಇಲ್ಲಿಂದ ಮುಂದಿನದೇ ನನ್ನ ಕಥೆಯ ಒಳ್ಳೆಯ ಭಾಗ. "ಅವಳು ನಿನ್ನ ಮಾತು ಕೇಳ್ತಾಳೆ, ಹೋಗಿ ಎಬ್ಬಿಸು" ಎಂದು ಪ್ರಸಾದ್ ಸಾರ್ ನನ್ನನ್ನು ಕಳಿಸಿದರು. ಮಳೆ ಸುರಿಯತೊಡಗಿತ್ತು. ತೋಯ್ದ ಅಂಗಿ ಬೆನ್ನಿಗೆ ಅಂಟಿತ್ತು. ನಾನು ಅವಳ ಹತ್ತಿರ ಬಗ್ಗಿ, ಯಾರಿಗೂ ಕೇಳಿಸದ ಹಾಗೆ, "ಏಳಬ್ಯಾಡ್ರಿ ಅಕ್ಕಾರ" ಎಂದೆ. ಮಳೆಗೆ ಹೊಲ ಕೆಸರಾಗಿ ಗಾಡಿ ಹೂತುಹೋಗುವ ಭಯಕ್ಕೆ ಮುರುಗೇಶ ಹೊರಟ, ಗಾಡಿಯಿಲ್ಲದೆ ಪ್ರಸಾದ್ ಸಾರ್ ಹೊರಟರು. ಹೀಗೆ ನಾನು ಹೇಳುತ್ತಿದ್ದೆ. ಮಳೆ ಗೆದ್ದಿತೋ ಆಕೆ ಗೆದ್ದಳೋ ಎಂದು ಕೇಳುವವರನ್ನು ಕಾಯಿಸಿ ಒಂದು ನಗೆ ನಗುತ್ತಿದ್ದೆ. ಆ ವಾರವೇ ನನ್ನ ಗುತ್ತಿಗೆ ಮುಗಿಯಿತು. ಬಿಟ್ಟೆನೋ, ಬಿಡಿಸಿದರೋ, ಅದಕ್ಕೂ ನನ್ನ ಬಳಿ ಎರಡು ಕಥೆಗಳಿವೆ.

ಈ ಸಲ ಹೋದಾಗ ಮೊದಲು ಕಂಡದ್ದು ತೋಟ. ಎದೆಮಟ್ಟ ಹಿಪ್ಪುನೇರಳೆ, ಕಪ್ಪು ಹಸಿರು. ಜಯಕ್ಕ ಕುಡುಗೋಲು ಹಿಡಿದು ಸೊಪ್ಪು ಕೊಯ್ಯುತ್ತಿದ್ದಳು. ನನ್ನನ್ನು ಗುರುತಿಸಿದಳು, ನಗಲಿಲ್ಲ.

"ಮತ್ತೆ ಬಂದ್ರಾ? ಬಂದೂಕ ಎಲ್ಲೈತೆ?"

"ಆ ಕೆಲಸ ಬಿಟ್ಟೇನ್ರಿ ಅಕ್ಕಾರ. ಸುಮ್ಮನ ನೋಡಾಕ ಬಂದೆ."

"ನಿಮ್ಮೋರು ಹೋದ ತಿಂಗ್ಳೂ ಸುಮ್ಕೆ ನೋಡಾಕೇ ಬಂದಿದ್ರು. ಗುಡ್ಡದ ಮ್ಯಾಲೆ ಸುಣ್ಣದಾಗೆ ಗುರ್ತು ಹಾಕಿ ಹೋದ್ರು." ಹುಳುಮನೆಯ ಕಡೆ ನಾನು ನೋಡಿದ್ದು ಕಂಡು, "ಅಲ್ಲಿಗೆ ಹೋಗ್ಬೇಡಿ, ಹುಳ ಜ್ವರಕ್ಕೆ ಕೂತವೆ" ಎಂದಳು. ಹುಳುಗಳು ಪೊರೆ ಬಿಡಲು ಮೇವು ಬಿಟ್ಟು ಸುಮ್ಮನಾಗುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಆಗ ಹೊರಗಿನವರ ನೆರಳೂ ಬೀಳಬಾರದು.

ಬದುವಿನ ಮೇಲೆ ಕೂತೆ. ಕೂರು ಎಂದು ಅವಳೇನೂ ಹೇಳಲಿಲ್ಲ. ಬಂದ ಕೆಲಸ ಮುಗಿಸೋಣವೆಂದು ಕೇಳಿದೆ: "ಅವತ್ತು ಮಳಿ ಬಂದ ಮ್ಯಾಲೆ ನಮ್ಮ ಗಾಡಿ ಹೋತೋ, ಅದಕ್ಕೂ ಮೊದಲೋ?"

"ಯಾವ ಮಳೆ?"

"ಅವತ್ತ. ನೀವು ಕುಂತಾಗ. ನಾನು ತೋಯ್ದು ತೊಪ್ಪೆ ಆಗಿದ್ನೆಲ್ರಿ."

ಅವಳು ಕುಡುಗೋಲು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಆ ವರ್ಷ ಹಬ್ಬ ಕಳೆಯೋಗಂಟ ಒಂದ್ ಹನಿ ಬೀಳ್ಲಿಲ್ಲ ಕಣಪ್ಪ. ನೀನು ನೆಂದಿದ್ದು ಬೋರಿನ ನೀರಾಗೆ. ಆ ತಮಿಳ್ನೋನು ಗಾಳಿ ಬಿಟ್ಟಾಗ ಎಲ್ಲಾರೂ ನೆಂದ್ವಿ."

ಮಳೆ ಹೋಯಿತು. ಹೂತುಹೋಗುವ ಗಾಡಿಯ ಭಯವೂ ಅದರ ಹಿಂದೆಯೇ ಹೋಯಿತು. ಹಾಗಾದರೆ ಅವರು ಹೋದದ್ದು ಇವಳು ಏಳಲಿಲ್ಲ ಎಂಬ ಒಂದೇ ಕಾರಣಕ್ಕೆ. ನನಗೆ ಉಳಿದದ್ದು ಇನ್ನೊಂದೇ ಪ್ರಶ್ನೆ. ಅದನ್ನು ಕೇಳದೆ ಎದ್ದು ಹೋಗಬಹುದಿತ್ತು.

"ನಾನು ನಿಮ್ಮ ಹತ್ರ ಬಂದು ಏನಂದೆ?"

"ಏನೂ ಅನ್ಲಿಲ್ಲ. ಬಂದೆ, ನಿಂತೆ. ಕೈಯಾಗೆ ಆ ಬಂದೂಕ ಇತ್ತು. ನನ್ನ ಕಡೀಕೇ ತಿರುಗಿತ್ತು. ನಿನಗೆ ಅದರ ಗ್ಯಾನ ಇರ್ಲಿಲ್ಲ."

ಅವಳ ನೆನಪನ್ನೂ ನಾನು ಪೂರ್ತಿ ನಂಬಬೇಕಾಗಿಲ್ಲ. ಅವಳಿಗೂ ಅವಳ ಕಥೆ ಇರುತ್ತದೆ. ಆದರೆ ಅವಳ ಕಥೆಯಲ್ಲಿ ನೀರಿತ್ತು, ತೋಟವಿತ್ತು. ನನ್ನದರಲ್ಲಿ ಒಂದು ಪಿಸುಮಾತು ಮಾತ್ರ ಇತ್ತು. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದವಳೇ ಕೇಳಿಸಿಕೊಂಡಿರಲಿಲ್ಲ.

ಹೊರಡಲು ಎದ್ದೆ. ಬೋರಿನ ಪಕ್ಕ ಬಿಸಿಲು ಹಲಗೆಗಳನ್ನು ನಿಲ್ಲಿಸಿದ್ದರು, ಕೆಳಗೆ ಪೈಪಿನಿಂದ ನೀರು ಸದ್ದಿಲ್ಲದೆ ಬೀಳುತ್ತಿತ್ತು. ನಮ್ಮ ತೂತು ಕಿರಿದು, ಸಾಮಾನ್ಯ ಮೋಟರ್ ಇಳಿಯುತ್ತಿರಲಿಲ್ಲವಂತೆ. ಮಡಕಶಿರಾ ಅಂಗಡಿಯವನು ಸಣ್ಣದೊಂದು ಸೋಲಾರ್ ಮೋಟರ್ ತರಿಸಿಕೊಟ್ಟನಂತೆ.

"ಅದ್ರೊಳಗೂ ಅಯಸ್ಕಾಂತ ಐತಂತಲ್ಲ," ಎಂದಳು ಜಯಕ್ಕ. "ಅದಕ್ಕೇ ಅಷ್ಟು ಸಣ್ಣದಿದ್ರೂ ಜೋರೈತೆ ಅಂದ ಅಂಗಡಿಯೋನು. ನೀವು ಹುಡುಕ್ತಿದ್ದ ಕಲ್ಲಿಂದೇನಾ?"

"ಹೌದ್ರಿ. ಅದ ಕಲ್ಲು."

"ನಮ್ ಗುಡ್ಡದ್ದು ಅಲ್ಲ ತಾನೆ?"

"ಅಲ್ರಿ. ಬ್ಯಾರೆ ದೇಶದ್ದು." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅವಳು ನನ್ನಿಂದ ಮಳೆ, ಪಿಸುಮಾತು ಎರಡನ್ನೂ ಕಿತ್ತುಕೊಂಡಿದ್ದಳು, ನನಗೂ ಏನಾದರೂ ಕಿತ್ತುಕೊಳ್ಳಬೇಕೆನಿಸಿತು. "ಅಲ್ಲೂ ಗುಡ್ಡ ಇದ್ವು, ಊರಿದ್ವು. ಈಗ ಆ ಗುಡ್ಡ ಇಲ್ಲ. ಅಲ್ಲಿ ನೀರು ದನಾನೂ ಕುಡಿಯಂಗಿಲ್ಲಂತ ಓದೀನಿ. ನಿಮ್ಮ ಮೋಟ್ರು ಬಂದಿದ್ದು ಅಲ್ಲಿಂದ."

ಅವಳ ಮುಖದಲ್ಲಿ ಗೆದ್ದವರ ಬಿಗಿ ಸಡಿಲವಾಯಿತು. ಸೊಪ್ಪಿನ ಹೊರೆಯ ಮೇಲೆ ಕೈಯಿಟ್ಟು ಬೀಳುವ ನೀರನ್ನು ನೋಡಿದಳು. ಮೋಟರ್ ಆರಿಸಲು ಹೋಗಲಿಲ್ಲ. ಹುಳುಗಳು ಜ್ವರದಿಂದ ಎದ್ದರೆ ಹೊಟ್ಟೆ ತುಂಬ ಸೊಪ್ಪು ಬೇಕು.

"ಅಲ್ಲಿ ಯಾರೂ ಅಡ್ಡ ಕೂತ್ಕಳ್ಳಿಲ್ವಾ?" ಎಂದಳು.

ಕೂತಿದ್ದರೋ ಇಲ್ಲವೋ, ನಾನು ಓದಿದ ಯಾವುದರಲ್ಲೂ ಅದನ್ನು ಬರೆದಿರಲಿಲ್ಲ.